ಗಿಡ ಮರ ಆಗೂತನಕ

ಮೊನ್ನೆ ರವಿವಾರ ಮುಂಜಾನೆ ಬಾಜೂ ಮನಿ ಹುಡುಗಿ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಕೊಂಡು ನಮ್ಮ ಅಡಗಿಮನಿ ಬಾಗಲಕ್ಕ ಬಂದು ನಿಂತ್ಲು. ಐದನೇತ್ತೆ ಓದತಾಳ. ಸಾಲ್ಯಾಗ "ನಮ್ಮ ಬೀದಿಯ ಇತಿಹಾಸ" ಅಂತ ಒಂದು ಪುಟ ಬರಕೊಂಡು ಬಾ ಅಂದಾರಂತ. "ಅಜ್ಜಿ, ನಿಮ್ಮನೆ ಮುಂದೆ ಇರೋ ಹೊಂಗೆ ಮರ ಯಾರು ನೆಟ್ಟಿದ್ದು?" ಅಂತ ಕೇಳಿದ್ಲು. ನಾನು ರೊಟ್ಟಿ ಬಡಿಯಾಕತ್ತಿದ್ದೆ. ಕೈ ನಿಲ್ಲಿಸದನ, "ಸರಕಾರದವರು ಹಚ್ಚಿದ್ದು, 1985ರಾಗ" ಅಂದೆ. ಬರಕೊಂಡ್ಲು. ಆಮ್ಯಾಲೆ ತಲಿ ಎತ್ತಿ, "ಮತ್ತೆ ನೀರು ಯಾರು ಹಾಕಿದ್ರು?" ಅಂದ್ಲು.

ನನ್ನ ಕೈ ನಿಂತೇ ಹೋತು. ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋತು.

ಅವತ್ತಿನಿಂದ ಆ ಪ್ರಶ್ನೆ ತಲ್ಯಾಗ ಕುಂತು ಬಿಟ್ಟೈತಿ. ಗಿಡ ಹಚ್ಚಿದವರ ಹೆಸರು ಕಲ್ಲಿನ ಮ್ಯಾಲೆ ಐತಿ, ಪುಸ್ತಕದಾಗ ಐತಿ, ಪೇಪರಿನ್ಯಾಗ ಫೋಟೋ ಸಮೇತ ಬರತೈತಿ. ನೀರು ಹಾಕಿದವರ ಹೆಸರು ಎಲ್ಲೈತಿ? ನನಗ ತಿಳಿದಷ್ಟು ಇತಿಹಾಸ ಇಲ್ಲೆ ಬರೀತೀನಿ. ನೆಗೆಣ್ಣ್ಯಾರು, ತಂಗ್ಯಾರು, ಓಣ್ಯಾಗಿನ ಅಕ್ಕಾರು ಎಲ್ಲಾರೂ ಓದ್ರಿ. ಕಡೀಕ ನನ್ನದೊಂದು ತಪ್ಪೂ ಹೇಳೋದೈತಿ.

ಮೊದಲ ಒಂದು ನಗುವ ಮಾತು. ನಮ್ಮ ಬೈಲಹೊಂಗಲದ ಕಡೆ ಗಿಡ ಅಂದ್ರ ತುಳಸಿ ಗಿಡಾನೂ ಹೌದು, ನೂರು ವರ್ಷದ ಹುಣಸಿ ಗಿಡಾನೂ ಹೌದು. ನಾನು 1988ರಾಗ ಪಿಯುಸಿ ಮುಗಿಸಿ, ಲಗ್ನಾಗಿ ಬೆಂಗಳೂರಿಗೆ ಬಂದಾಗ ಎದುರು ಮನಿ ಅಕ್ಕಾರಿಗೆ "ದೊಡ್ಡ ಆಲದ ಗಿಡ ನೋಡಿ ಬಂದ್ವಿ" ಅಂದೆ. ಅವರು ಬಿದ್ದು ಬಿದ್ದು ನಕ್ಕರು. "ಅದು ಮರ ಕಣಮ್ಮ, ಗಿಡ ಅಂದ್ರೆ ಚಿಕ್ಕದು" ಅಂತ ತಿದ್ದಿದ್ರು. ಆವಾಗ ನನಗ ಸಿಟ್ಟು ಬಂದಿತ್ತು. ಈಗ ಅನಸತೈತಿ, ಅವರು ಹೇಳಿದ್ದರಾಗೂ ಒಂದು ಮಾತೈತಿ. ಗಿಡಕ್ಕೂ ಮರಕ್ಕೂ ನಡುವ ಮೂರು ಬ್ಯಾಸಿಗಿ ಅದಾವು. ಆ ಮೂರು ಬ್ಯಾಸಿಗಿ ದಾಟಿಸಿದವರ ಕಥಿನ ಯಾರೂ ಬರದಿಲ್ಲ.

ರಸ್ತೆ ಬಾಜೂಕ ಗಿಡ ಹಚ್ಚೋದು ನಮ್ಮ ದೇಶದಾಗ ಭಾಳ ಹಳೇ ಪದ್ಧತಿ. ಸಾಲ್ಯಾಗ ನಾವೆಲ್ಲಾರೂ ಬಾಯಿಪಾಠ ಮಾಡೀವಿ: ಅಶೋಕ ಸಾಲುಮರ ನೆಡಿಸಿದ, ಬಾವಿ ತೋಡಿಸಿದ. ಇದು ಮಾಸ್ತರು ಕಟ್ಟಿದ ಮಾತಲ್ಲ, ಅಶೋಕನ ಬರಸಿದ್ದು. ನಮ್ಮ ರಾಯಚೂರ ಜಿಲ್ಲಾದ ಮಸ್ಕಿ ಶಾಸನ 1915ರಾಗ ಸಿಕ್ಕಿತು. ಅದರಾಗ ಅಶೋಕ ಅನ್ನೋ ಹೆಸರೇ ಕಾಣಿಸಿದ್ದಕ್ಕ ಅದು ಪ್ರಸಿದ್ಧ ಆತು. ಆದ್ರ ಗಿಡದ ಮಾತಿರೋದು ಈಗ ದೆಹಲ್ಯಾಗಿರೋ ತೋಪ್ರಾ ಕಂಬದ ಮ್ಯಾಲೆ. ದನಕ್ಕೂ ಮನಷ್ಯಾರಿಗೂ ನೆಳ್ಳಾಗಲಿ ಅಂತ ದಾರಿಗುಂಟ ಆಲದ ಗಿಡ ಹಚ್ಚಿಸೀನಿ, ಮಾವಿನ ತೋಪು ಮಾಡಿಸೀನಿ, ಬಾವಿ ತೋಡಿಸೀನಿ ಅನ್ನೋ ಅರ್ಥದ ಮಾತು ಅಲ್ಲೈತಿ. ಕ್ರಿ.ಪೂ. 3ನೇ ಶತಮಾನದ ಮಾತು ಇದು. ಇದರಾಗ ನನಗ ಎರಡು ಸಂಗತಿ ಹಿಡಸತಾವು. ಒಂದು, ದನದ ಹೆಸರು ಮನಷ್ಯಾರ ಜೋಡಿನ ಬಂದೈತಿ. ಇನ್ನೊಂದು, ಗಿಡ ಮತ್ತ ಬಾವಿ ಒಂದೇ ಉಸಿರಿನ್ಯಾಗ ಬಂದಾವು. ಅರಸ ಹಚ್ಚಿಸಿದ, ಸೈ. ಬಾವಿಯಿಂದ ಸೇದಿ ಬುಡಕ್ಕ ಹಾಕಿದ ಕೈ ಯಾವುದು ಅಂತ ಕಂಬ ಹೇಳೂದಿಲ್ಲ.

ರಾಣ್ಯಾರೂ ಹಚ್ಚಿಸ್ಯಾರ. ಮದುರೈ ನಾಯಕರ ಕಾಲದ ರಾಣಿ ಮಂಗಮ್ಮಾಳ್, 1689ರಿಂದ ಮೊಮ್ಮಗನ ಪರವಾಗಿ ರಾಜ್ಯ ಆಳಿದಾಕಿ. ರಸ್ತೆ, ಸಾಲುಮರ, ಛತ್ರ ಮಾಡಿಸಿದ್ದಕ್ಕ ತಮಿಳರು ಇವತ್ತಿಗೂ ಆಕಿನ್ನ ನೆನಸತಾರ. ಆಕಿ ಹೆಸರಿನ ರಸ್ತೇನೂ ಅದಾವು.

ಸ್ವಾತಂತ್ರ್ಯ ಬಂದ ಮ್ಯಾಲೆ 1950ರ ಜುಲೈದಾಗ ಕೇಂದ್ರದ ಆಹಾರ ಮತ್ತು ಕೃಷಿ ಮಂತ್ರಿ ಕೆ.ಎಂ. ಮುನ್ಶಿ ಅವರು ವನಮಹೋತ್ಸವ ಶುರು ಮಾಡಿದ್ರು. ಅವರು ಗುಜರಾತಿ ಭಾಷಾದಾಗ ದೊಡ್ಡ ಕಾದಂಬರಿಕಾರರೂ ಹೌದು. ಗಿಡ ಹಚ್ಚೋದನ್ನ ಒಂದು ಹಬ್ಬ ಮಾಡಬೇಕು ಅನ್ನೋ ವಿಚಾರ ಚಲೋನ ಇತ್ತು. ನಾನು ಸಣ್ಣಾಕಿ ಇದ್ದಾಗ ನಮ್ಮ ಸಾಲ್ಯಾಗೂ ಆ ಹಬ್ಬ ಆಗತಿತ್ತು. ಚುರಮರಿ ಕೊಡತಿದ್ರು, ಭಾಷಣ ಆಗತಿತ್ತು, ಒಬ್ಬರು ಪಾಹುಣ್ಯಾರು ಬಂದು ಸಸಿ ಹಚ್ಚಿ, ಒಂದು ತಂಬಿಗಿ ನೀರು ಹಾಕಿ ಹೋಗತಿದ್ರು. ಮುಂದಿನ ವರ್ಷ ಅದೇ ಕುಣಿ ಮತ್ತ ಕೆದರಿ ಇನ್ನೊಂದು ಸಸಿ. ಮೂರು ವರ್ಷ ಒಂದೇ ಕುಣ್ಯಾಗ ಹಚ್ಚಿದ್ದು ನಾ ಕಣ್ಣಾರೆ ಕಂಡೀನಿ. ಕುಣಿ ಮಾತ್ರ ಚಂದಾಗಿ ಬೆಳೀತು.

ಇದರ ಕಾರಣ ನನಗ ಭಾಳ ತಡಾ ತಿಳೀತು. ನಮ್ಮ ಕಡೆ ಸಸಿ ಹಚ್ಚೋದು ಜೂನ್, ಜುಲೈದಾಗ. ಮಳಿಗಾಲದ ನಾಲ್ಕು ತಿಂಗಳು ದೇವರ ನೀರು ಹಾಕತಾನ. ದಸರಾ, ದೀಪಾವಳಿ ತನಕ ಸಸಿ ಹಸರಾಗಿ ನಗತಿರತೈತಿ, ನಾವು "ಹತ್ತಿತು ಬಿಡ" ಅಂತ ತಿಳಕೋತೀವಿ. ಶಿವರಾತ್ರಿ ಕಳದ ಮ್ಯಾಲೆ ನೆಲ ಬಿರಿಯಾಕ ಹತ್ತಿದಾಗ ಖರೇ ಪರೀಕ್ಷಾ. ಪ್ಲಾಸ್ಟಿಕ್ ಚೀಲದಾಗ ಬೆಳದ ಸಸಿ ಬೇರು ಅಂದ್ರ ಒಂದು ಬೊಗಸಿ ಮಣ್ಣಿನಷ್ಟು. ಅದು ಸುತ್ತಲಿನ ನೆಲಕ್ಕ ಕಾಲು ಚಾಚಬೇಕಂದ್ರ ಎರಡು, ಮೂರು ವರ್ಷ ಬೇಕು. ಅದರಾಗ ಬೀದಿ ಬಾಜೂಕಿನ ಮಣ್ಣಂತೂ ಇಟ್ಟಂಗಿ ಚೂರು, ಸಿಮೆಂಟು, ಜಲ್ಲಿಕಲ್ಲು ತುಂಬಿದ್ದು. ಬಿದ್ದ ಮಳೀನೂ ಗಟಾರಕ್ಕ ಹರದು ಹೋಗತೈತಿ. ಹಚ್ಚೋದು ಜೂನ್‌ನ್ಯಾಗ, ಸಾಯೋದು ಮಾರ್ಚ್‌ನ್ಯಾಗ. ಮಾರ್ಚ್‌ನ್ಯಾಗ ಫೋಟೋ ತಗ್ಯಾಕ ಯಾರೂ ಬರೂದಿಲ್ಲ.

ಇನ್ನ ಬೆಂಗಳೂರಿಗೆ ಬರತೀನಿ. ಈ ಊರಿನ ಗಿಡದ ಕಥಿ ಲಾಲ್‌ಬಾಗಿನಿಂದ ಶುರು. 1760ರಾಗ ಹೈದರಾಲಿ ಅದನ್ನ ಮಾಡಸಾಕ ಹತ್ತಿದ. 1908ರಾಗ ಕೃಂಬಿಗಲ್ ಅನ್ನೋ ಜರ್ಮನಿಯ ತೋಟಗಾರಿಕಿ ಪಂಡಿತರು ಮೈಸೂರು ಸಂಸ್ಥಾನದ ಕೆಲಸಕ್ಕ ಬಂದ್ರು. ಒಂದು ಜಾತಿ ಗಿಡದ ಹೂವು ಉದುರೂದ್ರಾಗ ಇನ್ನೊಂದು ಜಾತಿ ಅರಳಬೇಕು, ವರ್ಷದ ಹನ್ನೆರಡೂ ತಿಂಗಳು ಯಾವುದರ ಒಂದು ಬೀದ್ಯಾಗ ಹೂವಿರಬೇಕು ಅಂತ ಲೆಕ್ಕ ಹಾಕಿ ಗಿಡ ಆರಿಸಿದವರು ಅವರು. 1956ರಾಗ ಇದೇ ಊರಾಗ ಮಣ್ಣಾದ್ರು.

ಆಮ್ಯಾಲೆ ಊರು ಬೆಳೀತು, ಹೊಸಾ ಬಡಾವಣಿ ಎದ್ದವು, ಬಿಸಲು ಹೆಚ್ಚಾತು. 1980ರ ಆಸುಪಾಸು ಗುಂಡೂರಾವ್ ಮುಖ್ಯಮಂತ್ರಿ ಇದ್ದಾಗ ಊರಿಗೆ ಮತ್ತ ಹಸರು ತರೋ ಕೆಲಸ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ ಅನ್ನೋ ಅಧಿಕಾರಿಗೆ ಬಂತು. ಆ ಅಡ್ಡಹೆಸರು ಕೇಳಿದ ಕೂಡ್ಲೇ ನನ್ನ ಕಿವಿ ನಿಮಿರಿತು. ನೇಗಿನಹಾಳ ಅನ್ನೋ ಊರು ನಮ್ಮ ಬೈಲಹೊಂಗಲದ ಬಾಜೂಕನ ಐತಿ! 1982ರಿಂದ ಐದು ವರ್ಷದಾಗ ಬೆಂಗಳೂರಾಗ ಸುಮಾರು 15 ಲಕ್ಷ ಗಿಡ ಹಚ್ಚಿಸಿದ್ರು ಅವರು. ಇವತ್ತ ನಾವು ಸ್ಕೂಟರ್ ನಿಲ್ಲಸಾಕ ನೆಳ್ಳು ಹುಡುಕತೀವಲ್ಲ, ಆ ನೆಳ್ಳಿನ್ಯಾಗ ಭಾಳಷ್ಟು ಅವರ ಕಾಲದ್ದು. 2021ರ ಮೇ ತಿಂಗಳಾಗ ತೀರಿಕೊಂಡ್ರು.

ನಮ್ಮ ಮನಿ ಮುಂದಿನ ಗಿಡಾನೂ ಅದೇ ಕಾಲದ್ದು. 1985ರ ಮಳಿಗಾಲದಾಗ ಇಲಾಖೆಯವರು ಬಂದು ಓಣಿ ತುಂಬ ಕುಣಿ ತೋಡಿ ಹಚ್ಚಿ ಹೋದ್ರು ಅಂತ ನಮ್ಮತ್ತಿ ಹೇಳತಿದ್ರು. ಇಲ್ಲ್ಯವರು ಹೊಂಗೆ ಅಂತಾರ, ಅತ್ತಿ ಊರ ಕಡೆ ಹೆಸರ ಹಿಡಿದು ಹುಲಗಲ ಅಂತಿದ್ರು. 15 ಲಕ್ಷದಾಗ ಇದೊಂದು ಉಳಿಯಾಕ ಏನೇನು ಆತು ಅಂತ ನಾ ಹೇಳಬಲ್ಲೆ. ಮೊದಲ ವರ್ಷ ಆಡು ಬಂದು ತುದಿ ತಿಂದು ಹೋತಂತ. ಅತ್ತಿ ಮುಳ್ಳುಕಂಟಿ ತಂದು ಸುತ್ತ ಕಟ್ಟಿದ್ರು. ಎರಡನೇ ವರ್ಷ ಗಾಳಿಗೆ ಬಾಗಿತು. ಕೋಲು ಊರಿ, ಹಳೇ ಇಳಕಲ್ ಸೀರಿ ಅಂಚು ಹರದು ಕಟ್ಟಿದ್ರು. ನಾನು ಬಂದಾಗ ಅದು ನನ್ನ ಭುಜದೆತ್ತರ ಇತ್ತು. ಆ ಸೀರಿ ಅಂಚು ಇನ್ನೂ ಹಂಗ ಇತ್ತು.

ನೀರಿನ ಕಥಿ ಇನ್ನೊಂದು. ಕಾವೇರಿ ನೀರು ಬೆಂಗಳೂರಿಗೆ ಬರಾಕ ಹತ್ತಿದ್ದು 1974ರಾಗ, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ಏರಿಸಿ. ನಮ್ಮ ಓಣಿ ನಳಕ್ಕ ದಿನಾ ಬಿಟ್ಟು ದಿನಾ, ನಸಕಿನ್ಯಾಗ. ಅಷ್ಟರಾಗ ಕುಡ್ಯಾಕ, ಅಡಗಿಗೆ, ಮುಸರಿಗೆ, ಅರಬಿಗೆ. "ಮನಷ್ಯಾರಿಗೇ ನೀರಿಲ್ಲ, ಬೀದಿ ಗಿಡಕ್ಕ ಎಲ್ಲಿಂದ ಹಾಕತಿ" ಅಂತ ಮಾವ ಒದರತಿದ್ರು. ಅತ್ತಿ ಎದುರು ಮಾತಾಡತಿದ್ದಿಲ್ಲ. ಅಕ್ಕಿ ತೊಳೆದ ನೀರು, ಬ್ಯಾಳಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲಾ ಒಂದು ಬಕೀಟಿಗೆ ಸುರುವಿ ಇಡತಿದ್ರು. ಸಂಜಿಕ ದೀಪ ಹಚ್ಚೋಕಿಂತ ಮೊದಲ ಒಯ್ದು ಗಿಡಕ್ಕ ಹಾಕತಿದ್ರು. ಸಬಕಾರದ ನೀರು, ಉಪ್ಪಿನ ನೀರು ಮಾತ್ರ ಹಾಕಗೊಡತಿದ್ದಿಲ್ಲ.

ಹಚ್ಚಿದವರೂ ನೀರು ಹಾಕಿದವರೂ ಒಬ್ಬರೇ ಆಗಿ, ಅವರ ಹೆಸರು ಇತಿಹಾಸದಾಗ ಉಳದದ್ದು ಅಂದ್ರ ಸಾಲುಮರದ ತಿಮ್ಮಕ್ಕ. ಹುಟ್ಟಿದ್ದು ತುಮಕೂರು ಜಿಲ್ಲಾದ ಗುಬ್ಬಿ ತಾಲ್ಲೂಕಿನ್ಯಾಗ, ಕೊಟ್ಟ ಮನಿ ಮಾಗಡಿ ತಾಲ್ಲೂಕಿನ ಹುಲಿಕಲ್ಲು. ಸಾಲಿ ಕಲೀಲಿಲ್ಲ, ಕೂಲಿ ಮಾಡಿ ಬದುಕಿದಾಕಿ. ಮಕ್ಕಳಾಗಲಿಲ್ಲ. ಮಕ್ಕಳಿಲ್ಲದಾಕಿಗೆ ಊರು ಏನೇನು ಅಂತೈತಿ ಅಂತ ನಿಮಗೆಲ್ಲಾ ನಾ ಬಿಡಿಸಿ ಹೇಳಬೇಕಾಗಿಲ್ಲ. ಆಕಿ, ಗಂಡ ಚಿಕ್ಕಯ್ಯ ಇಬ್ಬರೂ ಕೂಡಿ ಹುಲಿಕಲ್ಲಿನಿಂದ ಕುದೂರಿಗೆ ಹೋಗೋ ದಾರಿಗುಂಟ ಆಲದ ಸಸಿ ಹಚ್ಚಾಕ ಹತ್ತಿದ್ರು. ಊರಾಗಿನ ಆಲದ ಮರದಿಂದನ ಸಸಿ ಮಾಡಿಕೊಂಡ್ರು. ಮೊದಲನೇ ವರ್ಷ 10, ಎರಡನೇ ವರ್ಷ 15, ಮೂರನೇ ವರ್ಷ 20.

ಈ ಲೆಕ್ಕ ಸ್ವಲ್ಪ ನಿಂತು ನೋಡ್ರಿ. ಒಮ್ಮೆಲೇ ಸಾವಿರ ಹಚ್ಚಲಿಲ್ಲ. ಎಷ್ಟಕ್ಕ ನೀರು ಹೊರಾಕ ಆಗತೈತೋ ಅಷ್ಟೇ ಹಚ್ಚಿದ್ರು. ಹಗಲೆಲ್ಲಾ ಕೂಲಿ ಮಾಡಿ, ಕೊಡದಾಗ ನೀರು ಹೊತಗೊಂಡು ನಾಲ್ಕು ಕಿಲೋಮೀಟರ್ ತನಕ ನಡದು ಹಾಕಿದ್ರು. ದನಾ ತಿನ್ನಬಾರದಂತ ಮುಳ್ಳುಬೇಲಿ ಕಟ್ಟಿದ್ರು. ಹಿಂಗ ಬೆಳದದ್ದು 385 ಆಲದ ಮರ. 1991ರಾಗ ಚಿಕ್ಕಯ್ಯ ತೀರಿಕೊಂಡ್ರು, ತಿಮ್ಮಕ್ಕ ಒಬ್ಬಾಕಿನ ಉಳದಳು. 1995ರಾಗ ರಾಷ್ಟ್ರೀಯ ಪೌರ ಪ್ರಶಸ್ತಿ, 2019ರಾಗ ಪದ್ಮಶ್ರೀ ಬಂತು. ಪದ್ಮಶ್ರೀ ಕೊಡೋವತ್ನ್ಯಾಗ ರಾಷ್ಟ್ರಪತಿ ಕೋವಿಂದ ಅವರ ಹಣಿ ಮ್ಯಾಲೆ ಕೈ ಇಟ್ಟು ಆಶೀರ್ವಾದ ಮಾಡಿದ್ದು ಟಿವಿಯಾಗ ನೋಡಿ ನಾನು ನಮ್ಮ ನೆಗೆಣ್ಣಿ ಇಬ್ಬರೂ ಕಣ್ಣೀರು ಒರಸಿಕೊಂಡಿದ್ವಿ. ಅದೇ 2019ರಾಗ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡೋ ಕೆಲಸದಾಗ ಆ ಮರಗಳಿಗೆ ಕೊಡಲಿ ಬೀಳೋ ಹಂಗ ಆತು. ನೂರು ದಾಟಿದ ಮುದುಕಿ ಮುಖ್ಯಮಂತ್ರಿ ಹತ್ರ ಹೋಗಿ, ಕಡೀಬ್ಯಾಡ್ರಿ ಅಂತ ಕೇಳಬೇಕಾತು. ಸರಕಾರ ಬ್ಯಾರೆ ದಾರಿ ನೋಡತೀವಿ ಅಂತು. ಹಚ್ಚಿ, ಬೆಳಸಿ, ಆಮ್ಯಾಲೆ ಕಾಯೋ ಕೆಲಸಾನೂ ಆಕಿಗೇ ಬಂತು. 2025ರ ನವೆಂಬರ್ 14ಕ್ಕ, 114ನೇ ವಯಸ್ಸಿನ್ಯಾಗ ತೀರಿಕೊಂಡಳು.

ಈಗ ನನ್ನ ತಪ್ಪಿನ ಮಾತು.

1989ರಾಗ ನಮ್ಮತ್ತಿ ತವರಿಗೆ ಹೋದಾಕಿ ಬರೋವಾಗ ಸೆರಗಿನ್ಯಾಗ ಬೇವಿನ ಬೀಜ ಕಟಕೊಂಡು ಬಂದ್ರು. ಅವರ ತವರುಮನಿ ಅಂಗಳದ ಬೇವಿನ ಗಿಡದ್ದು. ಬೇವಿನ ಬೀಜ ಭಾಳ ದಿನ ಇಟ್ಟರ ಹುಟ್ಟೂದಿಲ್ಲ ಅಂತ ಬಂದ ದಿನಾನ ಎಣ್ಣಿ ಡಬ್ಬ್ಯಾಗ ಮಣ್ಣು ತುಂಬಿ ಹಾಕಿದ್ರು. ಮೂರು ಹುಟ್ಟಿದ್ವು, ಒಂದು ಚಲೋ ಬಂತು. ಅದನ್ನ ಹುಲಗಲದಿಂದ ಹದಿನೈದು ಮಾರು ಆಚೆ, ಮನಿ ಮೂಲಿಗೆ ಹಚ್ಚಿದ್ರು. ಮುಂದಿನ ವರ್ಷ ಫೆಬ್ರುವರಿಯಾಗ ನಾದಿನಿ ಬಾಣಂತನಕ್ಕ ಅತ್ತಿ ಹುಬ್ಬಳ್ಳಿಗೆ ಹೋದ್ರು. ಹೋಗೋವಾಗ ಹೇಳಿದ್ದು ಎರಡೇ ಮಾತು: ಹುಲಗಲಕ್ಕ ವಾರಕ್ಕೊಮ್ಮೆ, ಬೇವಿಗೆ ವಾರಕ್ಕ ಎರಡು ಸಲ ಒಂದು ಕೊಡ ನೀರು.

ನನ್ನ ಕಂಕುಳಾಗ ನಾಲ್ಕು ತಿಂಗಳ ಕೂಸು. ನಳದ ನೀರು ಕೂಸಿನ ಅರಬಿಗೇ ಸಾಲತಿದ್ದಿಲ್ಲ. ಒಂದು ವಾರ ಬಿಟ್ಟೆ. ಇನ್ನೊಂದು ವಾರ ಬಿಟ್ಟೆ. ಎಲಿ ಹಳದಿ ಆಗಿ ಉದುರಿದಾಗ "ಬೇವು ಶಿಶಿರದಾಗ ಎಲಿ ಉದುರಸೂದು ಇದ್ದದ್ದ, ಯುಗಾದಿಗೆ ಚಿಗರತೈತಿ" ಅಂತ ನನ್ನ ಮನಸಿಗೆ ನಾನ ಸಮಾಧಾನ ಹೇಳಕೊಂಡೆ. ಯುಗಾದಿ ಬಂತು. ಊರಾಗಿನ ಬೇವೆಲ್ಲಾ ಕೆಂಪಗೆ ಚಿಗರಿದ್ವು, ನಮ್ಮದು ಚಿಗರಲಿಲ್ಲ. ಮೇ ತಿಂಗಳಾಗ ಅತ್ತಿ ಬಂದ್ರು. ಚೀಲ ಕೆಳಗ ಇಡೋಕಿಂತ ಮೊದಲ ಬೇವಿನ ಹತ್ರ ಹೋಗಿ ಉಗರಿನಿಂದ ತೊಗಟಿ ಕೆರದು ನೋಡಿದ್ರು. ಒಳಗ ಹಸರಿಲ್ಲ, ಕಂದು. ನನಗ ಒಂದು ಮಾತು ಅನಲಿಲ್ಲ. ಮಳಿಗಾಲಕ್ಕ ಆ ಒಣಕೋಲಿಗೆ ಅವರಿ ಬಳ್ಳಿ ಹಬ್ಬಿಸಿದ್ರು. ಆಮ್ಯಾಲೆ ಇಪ್ಪತ್ತು ಯುಗಾದಿ ಅವರು ಪ್ಯಾಟಿಯಿಂದ ರೊಕ್ಕಾ ಕೊಟ್ಟು ಬೇವಿನ ಹೂವು ತಂದ್ರು. ಪ್ರತಿ ಸಲ ಆ ಹೂವು ಬಿಡಸೋವಾಗ ನಾನು ತಲಿ ಎತ್ತತಿದ್ದಿಲ್ಲ. ಬೈದಿದ್ರ ಚಲೋ ಇತ್ತು. 2011ರಾಗ ಅತ್ತಿ ಹೋದ್ರು. ಕಡೀ ದಿನಗಳಾಗ ಹುಲಗಲದ ನೆಳ್ಳಾಗ ಖುರ್ಚಿ ಹಾಕಸಿಕೊಂಡು ಕೂಡತಿದ್ರು.

ಎರಡು ವರ್ಷದ ಹಿಂದ, 2024ರ ಜೂನ್‌ನ್ಯಾಗ, ನಮ್ಮ ಓಣಿ ಹೆಣಮಕ್ಕಳೆಲ್ಲಾ ಕೂಡಿ 12 ಸಸಿ ಹಚ್ಚಿದ್ವಿ. ಈ ಸಲ ತಿಮ್ಮಕ್ಕನ ಲೆಕ್ಕ ಹಿಡಿದ್ವಿ: ನೀರು ಹಾಕೋ ಕೈ ಎಷ್ಟೋ ಸಸಿ ಅಷ್ಟು. ಯಾವ ದಿನ ಯಾರ ಪಾಳಿ ಅಂತ ಚೀಟಿ ಬರದು ಎಲ್ಲಾರ ಫ್ರಿಜ್ಜಿನ ಬಾಗಲಕ್ಕ ಅಂಟಿಸಿದ್ವಿ. ನಾವು ಕಲತದ್ದು ನಿಮಗೂ ಉಪಯೋಗಕ್ಕ ಬರಲಿ ಅಂತ ಬರೀತೀನಿ.

ಕುಣಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ ಇರಲಿ. ಇಟ್ಟಂಗಿ ಚೂರು ತಗದು ಮಣ್ಣು, ಹಳೇ ಗೊಬ್ಬರ ತುಂಬ್ರಿ. ಪ್ಲಾಸ್ಟಿಕ್ ಚೀಲ ಪೂರಾ ಬಿಚ್ಚಿ ಹಚ್ಚ್ರಿ. ದಿನಾ ಒಂದು ತಂಬಿಗಿ ಚೆಲ್ಲಿದ್ರ ಬೇರು ಮ್ಯಾಲ ಮ್ಯಾಲೇ ಉಳೀತಾವು. ವಾರಕ್ಕ ಎರಡು ಸಲ ಒಂದು ಬಕೀಟು ನಿಧಾನಕ ಇಂಗೂ ಹಂಗ ಹಾಕಿದ್ರ ಬೇರು ನೀರು ಹುಡುಕಿ ಕೆಳಗ ಇಳೀತಾವು. ಎರಡನೇ ಬ್ಯಾಸಿಗ್ಯಾಗ ವಾರಕ್ಕೊಮ್ಮೆ, ಮೂರನೇದರಾಗ ಹದಿನೈದು ದಿನಕ್ಕೊಮ್ಮೆ ಸಾಕು. ಊರಿಗೆ ಹೋಗೋರು ತಳಕ್ಕ ಸಣ್ಣ ತೂತು ಮಾಡಿದ ಮಣ್ಣಿನ ಗಡಗಿ ಬುಡದ ಬಾಜೂಕ ಹುಗದು, ತುಂಬಿ, ಮುಚ್ಚಿ ಹೋಗ್ರಿ, ತಾನ ಜಿನುಗತೈತಿ. ಒಣ ಎಲಿ ಸುಡಬ್ಯಾಡ್ರಿ, ಬುಡದ ಸುತ್ತ ಹರವ್ರಿ, ತೊಗಟಿಗೆ ಮಾತ್ರ ತಾಗಬಾರದು. ಕೋಲಿಗೆ ಕಟ್ಟೋವಾಗ ತಂತಿ, ನೈಲಾನ್ ಹಗ್ಗ ಬ್ಯಾಡ. ಹಳೇ ಅರಿವಿ ಪಟ್ಟಿ ಎಂಟರ ಅಂಕಿ ಹಂಗ ಸಡಿಲಾಗಿ ಸುತ್ತ್ರಿ. ಗಿಡ ಗಾಳಿಗೆ ಸ್ವಲ್ಪ ಅಲ್ಲಾಡಿದ್ರನ ಕಾಂಡ ಗಟ್ಟಿ ಆಗತೈತಿ.

ಮರ ಆದ ಮ್ಯಾಲೂ ಕಣ್ಣಿಡಬೇಕು. ಕಬ್ಬಿಣದ ಪಂಜರ ಟೈಮಿಗೆ ತಗೀಲಿಲ್ಲಂದ್ರ ತೊಗಟಿ ಒಳಗ ಸೇರಿ ಕುತ್ತಿಗಿ ಹಿಚಕತೈತಿ. ಬುಡಕ್ಕ ಸಿಮೆಂಟು ಬಡದ್ರ ಬೇರಿಗೆ ನೀರೂ ಇಲ್ಲ, ಗಾಳೀನೂ ಇಲ್ಲ. ದೆಹಲ್ಯಾಗ ಹಂಗ ಬಡದಿದ್ದನ್ನ ಬುಡದಿಂದ ಒಂದು ಮೀಟರ್ ತನಕ ಒಡದು ತಗೀರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಾಗ ಆದೇಶ ಮಾಡಿತ್ತು. ನಮ್ಮಲ್ಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಐತಿ. ಮನಿ ಮುಂದಿನದಾದ್ರೂ ವೃಕ್ಷಾಧಿಕಾರಿ ಪರವಾನಗಿ ಇಲ್ಲದ ಮರ ಕಡೀಯಾಕ ಬರೂದಿಲ್ಲ. ಇದು ಗೊತ್ತಿರಲಿ.

ಹನ್ನೆರಡರಾಗ ಒಂದಕ್ಕ ಕಾರು ಬಡೀತು. ಒಂದಕ್ಕ ಗೆದ್ದಲು ಹತ್ತಿತು. ಒಂದು, ನಿನ್ನ ಪಾಳಿ ನನ್ನ ಪಾಳಿ ಅನ್ನೋದ್ರಾಗ ಒಣಗಿತು. ಒಂಬತ್ತು ಅದಾವು. ಅದರಾಗ ಒಂದು ಬೇವು, ಮನಿ ಮೂಲಿಗೆ, ಅದೇ ಜಾಗಾದಾಗ. ಅತ್ತಿ ತವರಿನ ಗಿಡ ಈಗಿಲ್ಲ, ಇದು ನರ್ಸರಿಯಿಂದ ತಂದದ್ದು. ಅದಕ್ಕ ಈಗ ಎರಡನೇ ಬ್ಯಾಸಿಗಿ. ಮೊನ್ನೆ ಕೆಂಪು ಚಿಗರು ಬಿಟ್ಟೈತಿ.

ಬಾಜೂ ಮನಿ ಹುಡುಗಿ ಪೆನ್ಸಿಲ್ ಹಿಡಕೊಂಡು ಕಾಯಕತ್ತಿತ್ತು. "ನೀರು ಹಾಕಿದ್ದು ನಮ್ಮತ್ತಿ, ಬರಕೋ" ಅಂದೆ. "ಅವ್ರ ಹೆಸರು?" ಅಂತ ಕೇಳಿದ್ಲು. ಸೊಸಿಯಾದಾಕಿ ಅತ್ತಿ ಹೆಸರು ಹಿಡಿದು ಹೇಳೋ ರೂಢಿ ನಮ್ಮಲ್ಲಿಲ್ಲ. ಆದ್ರೂ ಹೇಳಿದೆ, ಅಡ್ಡಹೆಸರು ಸಮೇತ ಪೂರಾ ಹೇಳಿದೆ. ಹುಡುಗಿ ಗುಂಡಗೆ ಬರಕೊಂಡು, ಕೆಳಗ ಗೀಟು ಹೊಡದ್ಲು.

ನಾಳೆ ಬುಧವಾರ, ನನ್ನ ಪಾಳಿ. ಅಕ್ಕಿ ತೊಳೆದ ನೀರು ಚೆಲ್ಲದ ಇಟ್ಟೀನಿ.